ಸ್ಪ್ರಿಂಗ್ ಮೇಲೆ ಸ್ಪ್ರಿಂಗ್ ಹಾಕಿ ಕೆಟ್ಟೆ

ದೇವರಾಯನದುರ್ಗದ ಏರಿನಲ್ಲಿ ಎರಡನೇ ಗೇರ್‌ನಲ್ಲಿ ಹೋಗುತ್ತಿದ್ದೆ. ತಿರುವು ಬಂತು ಅಂತ ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಎಂಜಿನ್ ಕೂಗುವುದು ನಿಲ್ಲಲೇ ಇಲ್ಲ. ಕ್ಲಚ್ ಒತ್ತಿದರೆ ಇನ್ನೂ ಜೋರಾಗಿ ಅರಚಿತು. ಕೀ ಆಫ್ ಮಾಡಿ, ಬ್ರೇಕ್ ಒತ್ತಿ ಪಕ್ಕಕ್ಕೆ ನಿಲ್ಲಿಸಿದೆ. ಪಕ್ಕದಲ್ಲಿದ್ದ ಅಣ್ಣನ ಮಗ, ‘ಚಿಕ್ಕಪ್ಪ, ನಾನು ಇಲ್ಲೇ ಇಳೀಲಾ?’ ಅಂದ. ನನ್ನ ಈ ಹಳೇ ಗಾಡಿಗೆ ಸ್ಟಿಯರಿಂಗ್ ಲಾಕ್ ಇಲ್ಲ, ಅದಕ್ಕೇ ಧೈರ್ಯವಾಗಿ ಕೀ ತಿರುಗಿಸಿದೆ. ಲಾಕ್ ಇರುವ ಗಾಡಿಯಲ್ಲಿ ಕೀ ಪೂರ್ತಿ ಹಿಂದಕ್ಕೆ ತಿರುಗಿಸಬೇಡಿ.

ಗಾಡಿ 1967ರ ಎಂಜಿಬಿ, ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು. ಎರಡು ಸೀಟು, 1798 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ). ಆಕ್ಸಿಲರೇಟರ್ ವಾಪಸ್ ಬರಲು ತಡಮಾಡುತ್ತಿದೆ ಅಂತ ತಿಂಗಳ ಹಿಂದೆ ತುಮಕೂರಿನಲ್ಲೇ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದ್ದೆ. ಆತ ಇನ್ನೊಂದು ದಪ್ಪ ಸ್ಪ್ರಿಂಗ್ ಸಿಕ್ಕಿಸಿ ಕಳಿಸಿದ್ದ. ನನಗೂ ಅದು ಸರಿ ಅನ್ನಿಸಿತ್ತು. ಪೆಡಲ್ ಗಟ್ಟಿಯಾಯಿತು, ಅಷ್ಟೇ.

ಶೆಡ್ಡಿನಲ್ಲಿ ಎಷ್ಟು ರೇಸ್ ಮಾಡಿದರೂ ತೊಂದರೆ ಕಾಣಲಿಲ್ಲ. ಕಾರ್ಬುರೇಟರ್ ಕಡೆಯಿಂದ ಪೆಡಲ್‌ನಿಂದ ಬರುವ ಕೇಬಲ್ ಬಿಚ್ಚಿ, ಥ್ರಾಟಲ್ (ಎಂಜಿನ್‌ಗೆ ಹೋಗುವ ಗಾಳಿಯ ಬಾಗಿಲು) ತೆರೆಯುವ ಲಿವರ್ ಕೈಯಿಂದ ಆಡಿಸಿದೆ. ಟಪ್ ಅಂತ ಮುಚ್ಚಿಕೊಂಡಿತು. ಎರಡೂ ಕಾರ್ಬುರೇಟರ್ ಸೇರಿಸುವ ರಾಡ್‌ನ ಕ್ಲಾಂಪ್ ಸಡಿಲಿಸಿ ಒಂದೊಂದನ್ನೇ ನೋಡಿದೆ. ಎರಡೂ ಸಲೀಸು. ಅಂದರೆ ಕಾರ್ಬುರೇಟರ್ ತಪ್ಪಿಲ್ಲ.

ಆಮೇಲೆ ಹೊಳೆಯಿತು. ನಿಂತ ಗಾಡಿಯಲ್ಲಿ ಯಾರಾದರೂ ಪೆಡಲ್ ಪೂರ್ತಿ ಒತ್ತುತ್ತಾರಾ? ಏರಿನಲ್ಲಿ ಮಾತ್ರ ಒತ್ತುತ್ತೇವೆ. ಕೇಬಲ್ ಮತ್ತೆ ಸಿಕ್ಕಿಸಿ, ಎಂಜಿನ್ ಆಫ್ ಇಟ್ಟು, ಹುಡುಗನಿಗೆ ತಳದವರೆಗೂ ಒತ್ತಿ ಬಿಡು ಅಂದೆ. ಮುಕ್ಕಾಲುವರೆಗೆ ಒತ್ತಿ ಬಿಟ್ಟರೆ ಸರಿ. ತಳ ಮುಟ್ಟಿಸಿ ಬಿಟ್ಟರೆ ಲಿವರ್ ಅಲ್ಲೇ ನಿಂತಿತು!

ಕೇಬಲ್ ಇನ್ನರ್, ಅಂದರೆ ಒಳಗಿನ ತಂತಿ, ಹೊರಗೆಳೆದು ಹತ್ತಿಯ ತುಂಡನ್ನು ಅದರುದ್ದಕ್ಕೂ ಸವರಿದೆ. ಕಾರ್ಬುರೇಟರ್ ತುದಿಯ ಹತ್ತಿರ ಹತ್ತಿ ಸಿಕ್ಕಿಕೊಂಡಿತು. ಕಣ್ಣಿಗೂ ಸರಿಯಾಗಿ ಕಾಣದ ಒಂದೇ ಒಂದು ತಂತಿ ಎಳೆ ತುಂಡಾಗಿ ಎದ್ದಿತ್ತು. ಪೆಡಲ್ ಪೂರ್ತಿ ಒತ್ತಿದಾಗ ಮಾತ್ರ ಆ ಜಾಗ ಔಟರ್ (ಕೇಬಲ್‌ನ ಹೊರಗಿನ ಕೊಳವೆ) ಒಳಗೆ ಹೋಗುತ್ತಿತ್ತು. ಹೋಗುವಾಗ ಸಲೀಸು, ಬರುವಾಗ ಗಾಳದ ಮುಳ್ಳಿನ ಹಾಗೆ ಕಚ್ಚುತ್ತಿತ್ತು.

ಎಳೆ ಯಾಕೆ ತುಂಡಾಯಿತು? ಥ್ರಾಟಲ್ ಪೂರ್ತಿ ತೆರೆದ ಮೇಲೂ ಪೆಡಲ್ ಇನ್ನೂ ಅರ್ಧ ಇಂಚು ಕೆಳಗೆ ಹೋಗುತ್ತಿತ್ತು. ನನ್ನ ಕಾಲಿನ ಬಲವೆಲ್ಲ ಆ ತೆಳು ತಂತಿಯ ಮೇಲೆ. ದಪ್ಪ ಸ್ಪ್ರಿಂಗ್ ಬಂದ ಮೇಲೆ ನಾನು ಇನ್ನೂ ಜಾಸ್ತಿ ಒತ್ತುತ್ತಿದ್ದೆ, ಅಲ್ವಾ?

ಹೊಸ ಕೇಬಲ್ ಇಂಗ್ಲೆಂಡಿನಿಂದ ತರಿಸಿದೆ. ಅದು ಬರುವವರೆಗೆ ಗಾಡಿ ಶೆಡ್ಡಿನಲ್ಲೇ. ಎಳೆ ಕತ್ತರಿಸಿ ಓಡಿಸಬಹುದಿತ್ತು, ಆದರೆ ಒಂದು ತುಂಡಾದ ಕಡೆ ಇನ್ನೊಂದು ತುಂಡಾಗುತ್ತದೆ. ಹಾಕುವಾಗ ಕೇಬಲನ್ನು ಬಿಸಿಯಾಗುವ ಎಕ್ಸಾಸ್ಟ್‌ನಿಂದ ದೂರ, ದೊಡ್ಡ ಬಾಗಿನಲ್ಲಿ ತಂದೆ. ಸ್ವಲ್ಪ ಸಡಿಲ ಬಿಟ್ಟೆ, ಇಲ್ಲದಿದ್ದರೆ ಐಡಲ್ (ಕಾಲು ತೆಗೆದಾಗಿನ ಎಂಜಿನ್ ವೇಗ) ಇಳಿಯುವುದಿಲ್ಲ. ಹಳೇ ಟೈರಿನ ತುಂಡೊಂದನ್ನು ಪೆಡಲ್ ಕೆಳಗೆ ಬೋಲ್ಟ್ ಮಾಡಿದೆ. ಈಗ ಥ್ರಾಟಲ್ ಪೂರ್ತಿ ತೆರೆಯುವ ಹೊತ್ತಿಗೆ ಪೆಡಲ್ ಅದಕ್ಕೆ ತಾಗಿ ನಿಲ್ಲುತ್ತದೆ.

ಮೊನ್ನೆ ಮತ್ತೆ ದುರ್ಗ ಹತ್ತಿಸಿದೆ, ಹುಡುಗನೂ ಬಂದಿದ್ದ. ಆ ದಪ್ಪ ಸ್ಪ್ರಿಂಗನ್ನು ಶೆಡ್ಡಿನ ಬಾಗಿಲಿಗೆ ಹಾಕಿದ್ದೇನೆ. ಬಾಗಿಲು ಚೆನ್ನಾಗಿ ಮುಚ್ಚಿಕೊಳ್ಳುತ್ತದೆ.