ಕಾರು ಓಡಿಸಲು ಬಾರದವನ ಹೆಸರಿನಲ್ಲೊಂದು ಕಾರು

ಅವನು ಮಂಡ್ಯ ಕಡೆಯ ಕಬ್ಬು ಕಡಿಯುವ ಕೂಲಿ. ಸೈಕಲ್ ಬಿಟ್ಟರೆ ಬೇರೆ ಗಾಡಿ ಮುಟ್ಟಿದವನಲ್ಲ. ಕಾರು ಸಾಲದ ಕಂತು ಬಾಕಿ ಎಂಬ ವಕೀಲರ ನೋಟಿಸು ಹಿಡಿದು ಠಾಣೆಗೆ ಬಂದಿದ್ದ. ಯಾರಿಗೋ ಜಾಮೀನು ನಿಂತು ಈಗ ನಾಟಕ ಆಡ್ತಿದ್ದಾನೆ ಅಂತ ಸಿಬ್ಬಂದಿಯೆಲ್ಲ ಅಂದುಕೊಂಡರು. ಸುಳ್ಳೇಕೆ, ಆಗ ಕ್ರೈಂ ಪಿಎಸ್‌ಐ ಆಗಿದ್ದ ನಾನೂ ಅದನ್ನೇ ಅಂದುಕೊಂಡೆ.

ಆರ್‌ಟಿಒ ಕಚೇರಿಯಿಂದ ಬಿ ಎಕ್ಸ್‌ಟ್ರಾಕ್ಟ್, ಅಂದರೆ ಗಾಡಿಯ ನೋಂದಣಿ ವಿವರದ ಪ್ರತಿ, ತರಿಸಿದೆ. ಜೊತೆಗೆ ಮಾಲೀಕತ್ವ ಬದಲಾವಣೆಯ ಫಾರಂ 29, ಫಾರಂ 30. ಆಧಾರ್ ನಂಬರು, ವಿಳಾಸ ಅವನದೇ. ಫೋಟೊ ಮಾತ್ರ ಬೇರೆಯವನದು. ಅಲ್ಲಿಗೆ ನನ್ನ ಅನುಮಾನ ದಾರಿ ಬದಲಿಸಿತು. ಆಧಾರ್ ಪ್ರಾಧಿಕಾರಕ್ಕೆ ಒಂದು ಪತ್ರ ಬರೆದರೆ ವಿವರ ಬರುತ್ತದೆ ಎಂದು ಜನ ಅಂದುಕೊಂಡಿದ್ದಾರೆ. ಅದಕ್ಕೆ ಹೈಕೋರ್ಟ್ ನ್ಯಾಯಾಧೀಶರ ಆದೇಶ ಬೇಕು, ಬೆರಳಚ್ಚಂತೂ ಆಗಲೂ ಸಿಗುವುದಿಲ್ಲ. ಹಾಗಾಗಿ ಆ ಬಾಗಿಲು ತಟ್ಟಲಿಲ್ಲ, ಗಾಡಿಯ ಬೆನ್ನು ಹತ್ತಿದೆ.

ಅವಸರಕ್ಕೆ ಇನ್ನೊಂದು ಕಾರಣವಿತ್ತು. ಅಪಘಾತ ಪರಿಹಾರದ ವಿಷಯದಲ್ಲಿ ಆರ್‌ಸಿಯಲ್ಲಿ ಹೆಸರಿರುವವನೇ ಮಾಲೀಕ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆ ಕಾರು ಯಾರಿಗಾದರೂ ಗುದ್ದಿದರೆ ಈ ಕೂಲಿಯವ ಕೋರ್ಟು ಅಲೆಯಬೇಕಾಗುತ್ತಿತ್ತು.

ಕಾರು ಸಿಕ್ಕಿದ್ದು ಬೇರೆ ಜಿಲ್ಲೆಯಲ್ಲಿ, ಅಡ ಇಟ್ಟುಕೊಂಡಿದ್ದವನ ಮನೆ ಮುಂದೆ. ಪಂಚರನ್ನು ಕರೆದು ಮಹಜರು ಮಾಡುವಾಗ ಸೀಟಿನಡಿಯ ಮ್ಯಾಟ್ ಎತ್ತಿ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದೆ. ಕಂಪನಿಯ ಪಂಚಿಂಗ್ ಒಂದೇ ಆಳ, ಒಂದೇ ಸಾಲು. ಇಲ್ಲಿ ಎರಡು ಅಂಕಿ ವಾಲಿಕೊಂಡಿದ್ದವು, ಸುತ್ತಲಿನ ಬಣ್ಣ ದಪ್ಪ. ಎಲ್ಲಕ್ಕಿಂತ ಮಜಾ ಅಂದರೆ ಸೊನ್ನೆ. 17 ಅಕ್ಷರದ ಚಾಸಿ ನಂಬರಿನಲ್ಲಿ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ, ಒಂದು, ಸೊನ್ನೆಗಳ ಜೊತೆ ಗೊಂದಲ ಆಗಬಾರದೆಂದು. ನಮ್ಮ ಕಳ್ಳ ಸೊನ್ನೆಯ ಅಚ್ಚು ಸಿಗದೆ ದುಂಡನೆಯ ಇಂಗ್ಲಿಷ್ ಓ ಹೊಡೆದಿದ್ದ!

ಬೆಂಗಳೂರಿನ ಮಡಿವಾಳದ ಎಫ್‌ಎಸ್‌ಎಲ್‌ಗೆ, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಪರೀಕ್ಷೆಗೆ ಬರೆದೆ. ಅಂಕಿ ಹೊಡೆದಾಗ ಅದರ ಕೆಳಗಿನ ಲೋಹವೂ ಜಜ್ಜಿಹೋಗಿರುತ್ತದೆ. ಮೇಲೆ ಎಷ್ಟು ತೇದರೂ ಆ ಜಜ್ಜು ಪೂರ್ತಿ ಹೋಗಿರುವುದಿಲ್ಲ. ನುಣುಪು ಮಾಡಿ ಆಸಿಡ್ ಸವರಿದರೆ ಆ ಭಾಗ ಬೇರೆ ವೇಗದಲ್ಲಿ ಕರಗುತ್ತದೆ, ಅಳಿಸಿದ್ದ ನಂಬರು ಮಸುಕಾಗಿ ಮೇಲೇಳುತ್ತದೆ. ಮಾಯವಾಗುವ ಮೊದಲೇ ಫೋಟೊ ತೆಗೆದುಕೊಳ್ಳಬೇಕು. ತೀರ ಆಳಕ್ಕೆ ತೇದಿದ್ದರೆ ಏನೂ ಬರುವುದಿಲ್ಲ. ನಮ್ಮ ಅದೃಷ್ಟಕ್ಕೆ ಇವನು ಸೋಮಾರಿ. ಎದ್ದ ನಂಬರು ಒಂದು ವರ್ಷದ ಹಿಂದೆ ಕಳವಾದ ಕಾರಿನದು.

ಹಾಗಾದರೆ ಮೇಲಿದ್ದ ನಂಬರು? ಅದು ಅಪಘಾತದಲ್ಲಿ ನಜ್ಜುಗುಜ್ಜಾಗಿ ಗುಜರಿಗೆ ಹೋದ, ಅದೇ ಮಾಡೆಲ್ಲಿನ ಕಾರಿನದು. ಗಾಡಿ ಹಾಳಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಕಾಯ್ದೆಯಲ್ಲಿದೆ. ಯಾರೂ ತಿಳಿಸಿರಲಿಲ್ಲ. ಕಾರು ಸತ್ತರೂ ಆರ್‌ಸಿ ಬದುಕಿತ್ತು. ಈ ಕಳ್ಳರು ಗುಜರಿಯಿಂದ ಕೊಂಡಿದ್ದು ಆ ಆರ್‌ಸಿಯನ್ನೇ. ಕದ್ದ ಕಾರಿಗೆ ಅದನ್ನು ಹೊಂದಿಸಿ, ಕೂಲಿಯವನ ಹೆಸರಿಗೆ ವರ್ಗ ಮಾಡಿ, ಸಾಲ ಎತ್ತಿ, ಕಾರನ್ನೂ ಅಡ ಇಟ್ಟು ಎರಡು ಕಡೆ ದುಡ್ಡು ಮಾಡಿದ್ದರು.

ಆಧಾರ್ ಎಲ್ಲಿ ಸೋರಿತು? ಆರ್‌ಟಿಒ ಕಡತದಲ್ಲಿದ್ದ ಆಧಾರ್ ಜೆರಾಕ್ಸಿನ ಎಡಬದಿಗೆ ಉದ್ದಕ್ಕೂ ಕಪ್ಪು ಗೆರೆ ಇತ್ತು. ಕೂಲಿಯವನ ಮನೆಯ ಟ್ರಂಕಿನಲ್ಲಿದ್ದ ಇನ್ನೊಂದು ಪ್ರತಿಯಲ್ಲೂ ಅದೇ ಗೆರೆ. ಸಿಮ್ ತೆಗೆದುಕೊಂಡಾಗ ಊರಿನ ಅಂಗಡಿಯಲ್ಲಿ ಮಾಡಿಸಿದ ಪ್ರತಿಗಳಂತೆ. ಅಂಗಡಿಯ ಹುಡುಗನಿಂದ ಸೆಕೆಂಡ್ಸ್ ಗಾಡಿ ಏಜೆಂಟಿಗೆ, ಅವನಿಂದ ಫೋಟೊದಲ್ಲಿದ್ದವನಿಗೆ ತಲುಪಿದೆವು. ಮೋಸ, ನಕಲಿ ದಾಖಲೆಗೆ ಆಗಿನ ಐಪಿಸಿ 420, 468, 471ರ ಜೊತೆ, ಬೇರೆಯವರ ಗುರುತು ಕದ್ದದ್ದಕ್ಕೆ ಐಟಿ ಕಾಯ್ದೆಯ 66ಸಿ ಕೂಡ ಸೇರಿತು.

ಆರೋಪಿಗಳನ್ನು ಹಿಡಿಯಲು ಎರಡು ತಿಂಗಳು ಸಾಕಾಯಿತು. ಸಾಲದ ದಾಖಲೆಯಿಂದ ಕೂಲಿಯವನ ಹೆಸರು ತೆಗೆಸಲು ಒಂದೂವರೆ ವರ್ಷ ಹಿಡಿಯಿತು. ನಾನೀಗ ನಿವೃತ್ತ. ಅವನು ಈಗಲೂ ಹಬ್ಬಕ್ಕೆ ಫೋನ್ ಮಾಡುತ್ತಾನೆ, ಯೋಗಕ್ಷೇಮಕ್ಕಿಂತ ಮೊದಲು ಕೇಳುತ್ತಾನೆ: “ಸಾ, ಇನ್ಯಾವ್ದಾರ ಗಾಡಿ ನನ್ನೆಸ್ರಲ್ಲಿ ಓಡ್ತಾ ಐತಾ?”