ವಾರದ ಓದಿಗೊಂದು ಕಿರ್ದಿ, ಒಂದು ಖಾತೆ

ಒಂದು ವಾರದಲ್ಲಿ ನಾವು ಓದುವುದು ಕಡಿಮೆಯೇನಲ್ಲ. ಬೆಳಗಿನ ಪತ್ರಿಕೆ, ಅರ್ಧಕ್ಕೆ ಮಗುಚಿಟ್ಟ ಕಾದಂಬರಿ, ಸ್ನೇಹಿತರು ಕಳುಹಿಸಿದ ಲೇಖನ, ಔಷಧದ ಡಬ್ಬಿಯೊಳಗಿನ ಚೀಟಿ, ಬಸ್ಸಿನಲ್ಲಿ ಪಕ್ಕದವರ ಮಾತಿನಲ್ಲಿ ಕಿವಿಗೆ ಬಿದ್ದ ಗಾದೆ, ಇವೆಲ್ಲ ಸೇರಿದರೆ ಮೊತ್ತ ದೊಡ್ಡದೇ ಆಗುತ್ತದೆ. ಆದರೂ ಭಾನುವಾರ ಸಂಜೆ ಕುಳಿತು ಈ ವಾರ ಹೊಸದಾಗಿ ಏನು ತಿಳಿಯಿತೆಂದು ಕೇಳಿಕೊಂಡರೆ ಬಹುಮಂದಿಗೆ ಉತ್ತರ ಸಲೀಸಾಗಿ ಹೊಳೆಯುವುದಿಲ್ಲ. ಇದಕ್ಕೆ ನೆನಪಿನ ಶಕ್ತಿಯನ್ನು ದೂರಬೇಕಾಗಿಲ್ಲ. ಬಂದದ್ದನ್ನು ಬರೆದಿಡುವ, ಬರೆದಿಟ್ಟದ್ದನ್ನು ವಿಂಗಡಿಸುವ ಕ್ರಮವೊಂದು ಇಲ್ಲದಿರುವುದೇ ಕಾರಣ. ಅಂತಹ ಒಂದು ಕ್ರಮವನ್ನು, ದಿನಕ್ಕೆ ಹತ್ತು ನಿಮಿಷ ಮತ್ತು ವಾರಕ್ಕೊಮ್ಮೆ ಮುಕ್ಕಾಲು ಗಂಟೆಯಲ್ಲಿ ನಡೆಸಿಕೊಂಡು ಹೋಗಬಹುದಾದ ರೀತಿಯಲ್ಲಿ, ಇಲ್ಲಿ ವಿವರಿಸಿದ್ದೇನೆ.

ಕ್ರಮದ ಮೂಲ ನಮ್ಮ ಊರಿನ ಮಂಡಿ, ಕಿರಾಣಿ ಅಂಗಡಿಗಳಲ್ಲೇ ಇದೆ. ಹಳೆಯ ಪದ್ಧತಿಯ ವ್ಯಾಪಾರಿಗಳು ಎರಡು ಪುಸ್ತಕ ಇಡುತ್ತಾರೆ. ರೋಜು ಕಿರ್ದಿಯಲ್ಲಿ ಆ ದಿನ ನಡೆದ ವ್ಯವಹಾರವನ್ನು ನಡೆದ ಅನುಕ್ರಮದಲ್ಲೇ, ಯಾವ ವಿಂಗಡಣೆಯೂ ಇಲ್ಲದೆ ಬರೆಯುತ್ತಾರೆ. ಬಳಿಕ ಬಿಡುವಿನಲ್ಲಿ ಒಂದೊಂದು ಕಲಮನ್ನೂ ಆಯಾ ಗಿರಾಕಿಯ ಅಥವಾ ಸರಕಿನ ಹೆಸರಿರುವ ಖಾತೆಯ ಪುಟಕ್ಕೆ ಏರಿಸುತ್ತಾರೆ. ಇದಕ್ಕೆ ಖತಾವಣಿ ಎನ್ನುವುದುಂಟು. ವಿದ್ಯೆಯ ವ್ಯವಹಾರಕ್ಕೂ ಇದೇ ಪದ್ಧತಿ ಒಪ್ಪುತ್ತದೆಂದು ಹೇಳಿದವರಲ್ಲಿ ಹದಿನೆಂಟನೆಯ ಶತಮಾನದ ಜರ್ಮನ್ ಭೌತವಿಜ್ಞಾನಿ ಗಿಯೋರ್ಗ್ ಲಿಖ್ಟೆನ್‌ಬರ್ಗ್ ಒಬ್ಬ. ಗಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದ ಈತ 1765ರಿಂದ 1799ರಲ್ಲಿ ಸಾಯುವವರೆಗೂ ಓದಿದ್ದು, ಹೊಳೆದದ್ದು, ಕಂಡದ್ದನ್ನೆಲ್ಲ ಕಚ್ಚಾ ಪುಸ್ತಕಗಳಲ್ಲಿ ಗೀಚುತ್ತ ಬಂದ. ಇಂಗ್ಲೆಂಡಿನ ವರ್ತಕರು ಮೊದಲು ಕಚ್ಚಾ ಪುಸ್ತಕದಲ್ಲಿ ಬರೆದು ಆಮೇಲೆ ಪಕ್ಕಾ ಲೆಕ್ಕಕ್ಕೆ ಏರಿಸುವುದನ್ನು ಉಲ್ಲೇಖಿಸಿ, ವಿದ್ವಾಂಸರು ಅವರನ್ನು ಅನುಸರಿಸಬೇಕೆಂದು ಆತ ಸೂಚಿಸಿದ್ದಾನೆ. ಬರೆಯುವ ಹೊತ್ತು ಬೇರೆ, ವಿಂಗಡಿಸುವ ಹೊತ್ತು ಬೇರೆ ಎಂಬುದನ್ನು ಒಪ್ಪಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಟಿಪ್ಪಣಿ ಬರೆಯುವ ಅಭ್ಯಾಸ ಬಹಳ ಜನರಲ್ಲಿ ಮೊದಲ ತಿಂಗಳಲ್ಲೇ ನಿಂತುಹೋಗುವುದು, ಬರೆಯುವಾಗಲೇ ಇದನ್ನು ಯಾವ ಶೀರ್ಷಿಕೆಯ ಕೆಳಗೆ ಹಾಕಲಿ ಎಂದು ಯೋಚಿಸುತ್ತ ಕೂರುವುದರಿಂದ.

ಇನ್ನೂರು ಪುಟದ, ಗೆರೆ ಹಾಕಿದ ಸಾಧಾರಣ ನೋಟ್‌ಬುಕ್ ಒಂದಿದ್ದರೆ ಸಾಕು. ಅದರ ಮುಂಭಾಗದಿಂದ ಕಿರ್ದಿ ಆರಂಭವಾಗಲಿ. ಪುಸ್ತಕವನ್ನು ತಲೆಕೆಳಗು ಮಾಡಿ ಹಿಂದಿನಿಂದ ಖಾತೆಯ ಪುಟಗಳನ್ನು ತೆರೆಯಿರಿ. ಎರಡೂ ನಡುವೆ ಎಲ್ಲೋ ಸಂಧಿಸಿದಾಗ ಹೊಸ ಪುಸ್ತಕ ಕೊಳ್ಳುವ ಕಾಲ ಬಂತೆಂದು ತಿಳಿಯುತ್ತದೆ. ದುಬಾರಿ ಚರ್ಮದ ಹೊದಿಕೆಯ ಪುಸ್ತಕ ಬೇಡವೆಂದೇ ನನ್ನ ಸಲಹೆ, ಏಕೆಂದರೆ ಅದರಲ್ಲಿ ಚಿತ್ತು ಮಾಡಲು ಕೈ ಹಿಂಜರಿಯುತ್ತದೆ. ನಮ್ಮ ಹಿಂದಿನ ಶಾನುಭೋಗರು ಇದ್ದಿಲ ಪುಡಿ ಮತ್ತು ಹುಣಿಸೆಬೀಜದ ಸರಿ ಬಳಿದ ಕಪ್ಪು ಬಟ್ಟೆಯ ಕಡತಗಳ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಕಾದಾಗ ಅಳಿಸಿ ಮತ್ತೆ ಬರೆಯಲು ಬರುತ್ತಿತ್ತು. ಆ ಸಲಿಗೆ ನಿಮ್ಮ ಪುಸ್ತಕದೊಡನೆಯೂ ಇರಬೇಕು.

ಕಿರ್ದಿಯ ಒಂದು ಕಲಮಿನಲ್ಲಿ ತಾರೀಖು, ಮೂಲ, ವಿಷಯ ಇಷ್ಟು ತಪ್ಪದೆ ಇರಲಿ. ಇವುಗಳ ಪೈಕಿ ಜನ ಬಿಟ್ಟುಬಿಡುವುದು ಮೂಲವನ್ನು. ಪತ್ರಿಕೆಯಾದರೆ ಹೆಸರು, ತಾರೀಖು ಮತ್ತು ಪುಟ. ಪುಸ್ತಕವಾದರೆ ಯಾವ ಮುದ್ರಣ, ಎಷ್ಟನೆಯ ಪುಟ. ಗ್ರಂಥಾಲಯದ ಪುಸ್ತಕವಾದರೆ ಬೆನ್ನಿನ ಮೇಲಿರುವ ಸಂಖ್ಯೆಯನ್ನೂ ಬರೆದುಕೊಳ್ಳಿ, ಮುಂದಿನ ಸಲ ಕಪಾಟಿನೆದುರು ಅಲೆಯುವುದು ತಪ್ಪುತ್ತದೆ. ಯಾರೋ ಹೇಳಿದ ಮಾತಾದರೆ ಹೇಳಿದವರು ಯಾರು, ಯಾವ ಊರಿನವರು ಎಂಬುದು ಮುಖ್ಯ, ಏಕೆಂದರೆ ಹಾವೇರಿಯವರು ಹೇಳುವ ಮಳೆಯ ಲೆಕ್ಕಕ್ಕೂ ಪುತ್ತೂರಿನವರು ಹೇಳುವ ಲೆಕ್ಕಕ್ಕೂ ವ್ಯತ್ಯಾಸವಿರುತ್ತದೆ. ವಿಷಯವನ್ನು ಎರಡು ಮೂರು ಸಾಲಿನಲ್ಲಿ, ಪುಸ್ತಕವನ್ನು ಮುಚ್ಚಿಟ್ಟು, ನಿಮ್ಮದೇ ಮಾತಿನಲ್ಲಿ ಬರೆಯಬೇಕು. ಮುಚ್ಚಿಟ್ಟು ಬರೆಯಲು ಆಗದಿದ್ದರೆ ಅರ್ಥವಾಗಿಲ್ಲವೆಂದೇ ತಿಳಿದು ಇನ್ನೊಮ್ಮೆ ಓದಬೇಕು. ಲೇಖಕರ ಮಾತನ್ನೇ ಎತ್ತಿಕೊಳ್ಳುವುದಾದರೆ ಉದ್ಧರಣ ಚಿಹ್ನೆ ಕಡ್ಡಾಯ. ಅದಿಲ್ಲದೆ ಹೋದರೆ ವರ್ಷ ಕಳೆದ ಮೇಲೆ ಆ ಸಾಲು ನಿಮ್ಮದೋ ಅವರದೋ ಎಂದು ನಿಮಗೇ ಗೊತ್ತಾಗುವುದಿಲ್ಲ.

ಅಂಚಿನಲ್ಲಿ ಒಂದು ಅಕ್ಷರದ ಗುರುತು ಹಾಕಿಕೊಂಡರೆ ಮುಂದೆ ಅನುಕೂಲ. ಓದಿದ್ದಕ್ಕೆ ‘ಓ’, ಹೊಳೆದ ಯೋಚನೆಗೆ ‘ಯೋ’, ಕಣ್ಣಾರೆ ಕಂಡದ್ದಕ್ಕೆ ‘ಕ’. ಈ ಗುರುತುಗಳಿಗೆ ಅಲಂಕಾರಕ್ಕಿಂತ ಹೆಚ್ಚಿನ ಉಪಯೋಗವಿದೆ: ವಾರದ ಪುಟದಲ್ಲಿ ಬರೀ ‘ಓ’ಗಳೇ ಸಾಲಾಗಿ ನಿಂತಿದ್ದರೆ ಆ ವಾರ ನಾವು ಸುತ್ತಮುತ್ತ ನೋಡಲೇ ಇಲ್ಲವೆಂದು ಅರ್ಥ, ಬರೀ ‘ಯೋ’ಗಳಿದ್ದರೆ ಆಧಾರವಿಲ್ಲದೆ ಯೋಚಿಸಿದ್ದೇವೆಂದು ಅರ್ಥ.

ಕಲಮನ್ನು ಅದೇ ದಿನ ಬರೆಯಬೇಕು. 1885ರಲ್ಲಿ ಜರ್ಮನಿಯ ಹೆರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ನಡೆಸಿಕೊಂಡ ಪ್ರಯೋಗಗಳನ್ನು ಪ್ರಕಟಿಸಿದ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಬೇರೆ ಬೇರೆ ಅವಧಿಯ ನಂತರ ಎಷ್ಟು ಉಳಿದಿದೆಯೆಂದು ಅಳೆದಾಗ, ಮರೆವು ಮೊದಲ ಕೆಲವು ಗಂಟೆಗಳಲ್ಲೇ ಅತಿ ವೇಗವಾಗಿ ನಡೆದು ಆಮೇಲೆ ನಿಧಾನವಾಗುತ್ತದೆಂದು ಆತನಿಗೆ ಕಂಡುಬಂತು. ಅರ್ಥವಿರುವ ಓದು ಅಷ್ಟು ಬೇಗ ಅಳಿಯುವುದಿಲ್ಲವಾದರೂ, ಸೋಮವಾರದ ಓದನ್ನು ಭಾನುವಾರ ಬರೆಯಲು ಕುಳಿತರೆ ಸಾರಾಂಶ ಸಿಕ್ಕೀತೇ ಹೊರತು ಮೊದಲ ಓದಿನಲ್ಲಿ ಮನಸ್ಸಿಗೆ ನಾಟಿದ ವಿವರ ಸಿಗುವುದಿಲ್ಲ. ಅದೇ ದಿನ ಬರೆದು ವಾರದ ಕೊನೆಗೆ ಖಾತೆಗೆ ಏರಿಸಿದರೆ, ಅದೇ ವಿಷಯ ಅಂತರ ಕೊಟ್ಟು ಎರಡನೆಯ ಸಲ ಮನಸ್ಸಿನ ಮುಂದೆ ಹಾದುಹೋಗುತ್ತದೆ.

ಬರೆಯಲು ಕಷ್ಟವಾಗುವುದು ‘ಕ’ ಗುರುತಿನ ಕಲಮುಗಳೇ, ಏಕೆಂದರೆ ದಿನನಿತ್ಯದ ಸಣ್ಣ ಸಂಗತಿ ಬರೆದಿಡುವಷ್ಟು ಯೋಗ್ಯವೆಂದು ನಮಗೆ ಅನ್ನಿಸುವುದಿಲ್ಲ. ಬೆಂಗಳೂರು, ಮೈಸೂರಿನ ಹಳೆಯ ರಸ್ತೆಗಳ ಇಕ್ಕೆಲದಲ್ಲಿ ಛತ್ರಿಯಂತೆ ಹರಡಿ ನಿಂತಿರುವ ಮಳೆಮರವನ್ನೇ ತೆಗೆದುಕೊಳ್ಳೋಣ. ಸಂಜೆಯಾಗುತ್ತಿದ್ದಂತೆ ಅದರ ಕಿರುಎಲೆಗಳು ಜೋಡಿಜೋಡಿಯಾಗಿ ಮಡಚಿಕೊಂಡು, ಮಧ್ಯಾಹ್ನ ದಟ್ಟ ನೆರಳಿದ್ದ ಜಾಗದಲ್ಲಿ ತಲೆಯೆತ್ತಿದರೆ ಆಕಾಶ ಕಾಣುತ್ತದೆ. ದಿನವೂ ಅದರ ಕೆಳಗೆ ಬಸ್ಸಿಗೆ ಕಾಯುವವರಲ್ಲಿ ಇದನ್ನು ಗಮನಿಸಿದವರು ವಿರಳ. ಗಮನಿಸಿದ ದಿನ ‘ಮಳೆಮರದ ಎಲೆ ಮುಚ್ಚಿತು’ ಎಂದಷ್ಟೇ ಬರೆದರೆ ಅದರಿಂದ ಮುಂದಕ್ಕೆ ಏನೂ ಹುಟ್ಟುವುದಿಲ್ಲ. ಗಂಟೆ ಎಷ್ಟು, ಮೋಡವಿತ್ತೋ ಇಲ್ಲವೋ, ಬೀದಿದೀಪದ ಹತ್ತಿರದ ಕೊಂಬೆಯೂ ದೂರದ ಕೊಂಬೆಯೂ ಒಟ್ಟಿಗೆ ಮಡಚಿದವೋ ಎಂಬುದನ್ನು ಬರೆದು, ಕೊನೆಗೆ ಒಂದು ಪ್ರಶ್ನೆಯನ್ನು ಸೇರಿಸಿ: ಇದು ಬೆಳಕು ಕುಂದಿದ್ದರಿಂದಲೋ, ಹೊತ್ತಾಯಿತೆಂದೋ? ಪ್ರಶ್ನೆ ಇದ್ದರೆ ಮುಂದಿನ ಓದಿಗೆ ದಾರಿ ತಾನಾಗಿ ಸಿಗುತ್ತದೆ. ಎಲೆಯ ಬುಡದಲ್ಲಿರುವ ಸಣ್ಣ ಉಬ್ಬಿನ ಜೀವಕೋಶಗಳಿಂದ ಪೊಟ್ಯಾಸಿಯಂ ಅಯಾನುಗಳು ಹೊರಹೋದಾಗ ಅವುಗಳ ಹಿಂದೆಯೇ ನೀರೂ ಹೊರಹೋಗಿ, ಬಿಗುವು ತಗ್ಗಿ ಎಲೆ ಮಡಚುತ್ತದೆ. ಮುಟ್ಟಿದರೆ ಮುನಿಯಲ್ಲಿ ಕ್ಷಣಮಾತ್ರದಲ್ಲಿ ನಡೆಯುವುದೂ ಇದೇ ಕ್ರಿಯೆ. ಮಳೆಮರ ದಟ್ಟ ಮೋಡ ಕವಿದ ಹಗಲಿನಲ್ಲೂ ಎಲೆ ಮಡಚುವುದುಂಟು. ಮನೆಯ ಹಿಂದಿನ ಹುಣಿಸೆಮರವೂ ರಾತ್ರಿ ಹೀಗೆಯೇ ಮಾಡುತ್ತದೆಂದು ಇನ್ನೊಂದು ವಾರ ಕಂಡರೆ, ಮೂರೂ ಒಂದೇ ಅವರೆ ಕುಟುಂಬದ ಗಿಡಗಳೆಂಬುದು ಖಾತೆಯ ಪುಟದಲ್ಲಿ ಒಟ್ಟಿಗೆ ಸೇರುತ್ತದೆ.

ಈಗ ಖತಾವಣಿಗೆ ಬರೋಣ. ಭಾನುವಾರವೇ ಆಗಬೇಕೆಂದಿಲ್ಲ, ಆದರೆ ವಾರದಲ್ಲಿ ಒಂದು ನಿಶ್ಚಿತ ಹೊತ್ತು ಇರಲಿ. ಆ ವಾರದ ಕಿರ್ದಿಯನ್ನು ಮೊದಲಿನಿಂದ ಓದುತ್ತ ಹೋಗಿ, ಈಗಲೂ ಕುತೂಹಲ ಉಳಿಸಿಕೊಂಡಿರುವ ಕಲಮುಗಳನ್ನು ಮಾತ್ರ ಖಾತೆಗೆ ಏರಿಸಿ. ಉಳಿದದ್ದು ಕಿರ್ದಿಯಲ್ಲೇ ಇರಲಿ, ಅದರಿಂದ ನಷ್ಟವಿಲ್ಲ. ಮೂರರಲ್ಲಿ ಒಂದು ಏರಿದರೂ ಒಳ್ಳೆಯ ವಾರವೇ. ಖಾತೆಗೆ ‘ವಿಜ್ಞಾನ’, ‘ಸಾಹಿತ್ಯ’, ‘ಇತಿಹಾಸ’ ಎಂಬಂತಹ ಶಾಲೆಯ ವೇಳಾಪಟ್ಟಿಯ ಹೆಸರು ಇಡಬೇಡಿ. ಅಂತಹ ಪುಟದಲ್ಲಿ ಎಲ್ಲವೂ ಹಿಡಿಸುತ್ತದೆ, ಯಾವುದೂ ಇನ್ನೊಂದನ್ನು ಮುಟ್ಟುವುದಿಲ್ಲ. ‘ಮಳೆಯ ಲೆಕ್ಕ’, ‘ಮಡಚುವ ಎಲೆಗಳು’, ‘ಅಡುಗೆಮನೆಯ ಅಳತೆಗಳು’, ‘ಊರಿನ ಕೆರೆ’ ಎಂಬಂತಹ ಇಕ್ಕಟ್ಟಾದ ಹೆಸರುಗಳೇ ವಾಸಿ.

ಇಕ್ಕಟ್ಟಾದ ಖಾತೆಯಿಂದ ಏನಾಗುತ್ತದೆಂಬುದಕ್ಕೆ ‘ಮಳೆಯ ಲೆಕ್ಕ’ವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಜೂನ್ ಕೊನೆಯ ಒಂದು ವಾರ ತರಕಾರಿ ಮಾರುವವರೊಬ್ಬರು ‘ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ’ ಎಂದದ್ದು ಕಿರ್ದಿಯಲ್ಲಿ ಬಂದಿದೆ ಎಂದುಕೊಳ್ಳಿ. ಪಂಚಾಂಗ ನೋಡಿ ಪಕ್ಕದಲ್ಲಿ ಹೀಗೆ ಬರೆದಿದ್ದೀರಿ: ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಏಪ್ರಿಲ್ ನಡುವಿನ ಅಶ್ವಿನಿಯಿಂದ ಎಣಿಸಿದರೆ ಆರಿದ್ರೆ ಜೂನ್ 21 ಅಥವಾ 22ಕ್ಕೆ ಹುಟ್ಟುತ್ತದೆ. ಆರೇಳು ತಿಂಗಳ ನಂತರ ಸಂಕ್ರಾಂತಿಯ ಸಮಯದಲ್ಲಿ ಪತ್ರಿಕೆಯ ಪುರವಣಿಯ ಲೇಖನವೊಂದನ್ನು ಓದುತ್ತೀರಿ. ಹಗಲು ಬೆಳೆಯಲು ತೊಡಗುವುದು ಡಿಸೆಂಬರ್ 21 ಅಥವಾ 22ರ ಸುಮಾರಿಗೆ, ಮಕರ ಸಂಕ್ರಾಂತಿ ಬರುವುದು ಜನವರಿ 14 ಅಥವಾ 15ಕ್ಕೆ. ನಮ್ಮ ಪಂಚಾಂಗ ನಕ್ಷತ್ರಗಳನ್ನು ಆಧರಿಸಿದ್ದು, ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಇವೆರಡರ ಅಂತರ ಬೆಳೆಯುತ್ತ ಬಂದಿದೆ ಎಂಬುದು ಅದರ ಸಾರ. ಇದನ್ನು ‘ಖಗೋಳ’ ಎಂಬ ಖಾತೆಗೆ ಹಾಕಿದ್ದರೆ ಅಲ್ಲೇ ಉಳಿಯುತ್ತಿತ್ತು. ‘ಮಳೆಯ ಲೆಕ್ಕ’ಕ್ಕೆ ಹಾಕಿದ್ದರಿಂದ ಗಾದೆಯ ಕೆಳಗೇ ಬಂದು ಕೂತಿತು, ಕೂತ ಕೂಡಲೇ ಪ್ರಶ್ನೆಯೂ ಎದ್ದಿತು: ಮುಂಗಾರು ಋತುವನ್ನು ಅನುಸರಿಸುತ್ತದೆ, ಮಳೆನಕ್ಷತ್ರ ಪಂಚಾಂಗವನ್ನು ಅನುಸರಿಸುತ್ತದೆ, ಹಾಗಾದರೆ ಮುನ್ನೂರು ವರ್ಷದ ಹಿಂದೆ ಹುಟ್ಟಿದ ಗಾದೆಯ ಆರಿದ್ರೆ ಇಂದಿನದಕ್ಕಿಂತ ನಾಲ್ಕು ದಿನ ಮೊದಲಿನ ಋತುವಿಗೆ ಸೇರಿದ್ದಾಗಿರಬೇಕಲ್ಲವೆ? ಈ ಪ್ರಶ್ನೆ ಪತ್ರಿಕೆಯಲ್ಲೂ ಇರಲಿಲ್ಲ, ತರಕಾರಿಯವರ ಮಾತಿನಲ್ಲೂ ಇರಲಿಲ್ಲ. ‘ಯೋ’ ಗುರುತು ಹಾಕಬೇಕಾದ ಯೋಚನೆ ಇದು, ಮತ್ತು ಇಂತಹವು ಎರಡು ಕಲಮುಗಳ ನಡುವೆಯೇ ಹೆಚ್ಚಾಗಿ ಹುಟ್ಟುತ್ತವೆ.

ಖಾತೆಗಳು ಇಪ್ಪತ್ತು ದಾಟಿದ ಮೇಲೆ ಸೂಚಿ ಬೇಕಾಗುತ್ತದೆ. ಇಂಗ್ಲೆಂಡಿನ ದಾರ್ಶನಿಕ ಜಾನ್ ಲಾಕ್ 1686ರಲ್ಲಿ ಫ್ರೆಂಚ್ ಭಾಷೆಯ ಒಂದು ನಿಯತಕಾಲಿಕೆಯಲ್ಲಿ ಇದಕ್ಕೊಂದು ಉಪಾಯ ಪ್ರಕಟಿಸಿದ. ಶೀರ್ಷಿಕೆಯ ಮೊದಲ ಅಕ್ಷರ ಮತ್ತು ಅದರ ಬಳಿಕ ಬರುವ ಮೊದಲ ಸ್ವರ, ಇವೆರಡರಿಂದ ಸೂಚಿಯ ಮನೆಯನ್ನು ಗುರುತಿಸಿ ಅಲ್ಲಿ ಪುಟಸಂಖ್ಯೆ ಬರೆಯುವುದು ಅವನ ಕ್ರಮ. ಕನ್ನಡದಲ್ಲಿ ಇದು ಇನ್ನೂ ಸುಲಭ, ನಮ್ಮ ಕಾಗುಣಿತದಲ್ಲಿ ವ್ಯಂಜನವೂ ಸ್ವರವೂ ಒಂದೇ ಅಕ್ಷರದಲ್ಲಿ ಕೂಡಿಕೊಂಡಿರುತ್ತವೆ. ಖಾತೆಯ ಭಾಗದ ಮೊದಲ ಎರಡು ಪುಟಗಳನ್ನು ಬಿಟ್ಟು, ಅಲ್ಲಿ ಅ, ಆ, ಕ, ಗ, ಮ ಮುಂತಾಗಿ ಸಾಲು ಹಾಕಿ, ‘ಕೆರೆ’ಯನ್ನು ಕಕಾರದ ಸಾಲಿನಲ್ಲಿ ‘ಕೆ’ ಎಂದು ಬರೆದು ಎದುರಿಗೆ ಪುಟಸಂಖ್ಯೆ ಕೊಟ್ಟರೆ ಮುಗಿಯಿತು.

ಕಂಡದ್ದನ್ನೂ ಕೇಳಿದ್ದನ್ನೂ ಖಾತೆಗೆ ಏರಿಸುವ ಮುನ್ನ ಒಂದು ಬಾರಿ ತಾಳೆ ನೋಡುವುದು ಒಳಿತು. ಪದದ ವಿಷಯಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಮತ್ತು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು, ಇತರ ವಿಷಯಕ್ಕೆ ಮೈಸೂರು ವಿಶ್ವವಿದ್ಯಾಲಯದ ವಿಶ್ವಕೋಶದ ಸಂಪುಟಗಳು ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತವೆ. ತಾಳೆ ಬಿದ್ದ ಕಲಮಿಗೆ ಒಂದು ಗೆರೆ, ಬೀಳದ್ದಕ್ಕೆ ಪ್ರಶ್ನಾರ್ಥಕ ಚಿಹ್ನೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಆರೋಗ್ಯ ಸಲಹೆಗಳಿಗೆ ನಾನು ಮೊದಲೇ ಪ್ರಶ್ನಾರ್ಥಕ ಹಾಕಿಬಿಡುತ್ತೇನೆ.

ಮೊಬೈಲಿನಲ್ಲೇ ಬರೆಯುವವರಿಗೂ ಕ್ರಮ ಇದೇ, ಎರಡು ಎಚ್ಚರಿಕೆಗಳನ್ನು ಮಾತ್ರ ಸೇರಿಸಬೇಕು. ಸ್ಕ್ರೀನ್‌ಶಾಟ್ ತೆಗೆಯುವುದನ್ನು ಕಲಮೆಂದು ಎಣಿಸಬೇಡಿ. ಚಿತ್ರವಾಗಿ ಉಳಿದ ಕನ್ನಡವನ್ನು ಹುಡುಕಿ ತೆಗೆಯುವುದು ಕಷ್ಟ, ಮೇಲಾಗಿ ನಿಮ್ಮದೇ ಮಾತಿನಲ್ಲಿ ಬರೆಯುವ ಕೆಲಸ ಅಲ್ಲಿ ನಡೆದಿರುವುದಿಲ್ಲ. ಇನ್ನೊಂದು, ಹಳೆಯ ನುಡಿ, ಬರಹ ಫಾಂಟುಗಳ ಕಡತದಿಂದ ಪಠ್ಯ ತಂದು ಅಂಟಿಸುವುದಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ಇಲ್ಲವಾದರೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ನಿಲ್ಲುತ್ತದೆ.

ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಸುಮಾರು 90,000 ಚೀಟಿಗಳನ್ನು ಒಂದಕ್ಕೊಂದು ಜೋಡಿಸಿಟ್ಟಿದ್ದನೆಂದು ಕೇಳಿ ಕೆಲವರು ಅಂತಹದ್ದನ್ನೇ ಕಟ್ಟಲು ಹೊರಡುತ್ತಾರೆ. ಅದು ಜೀವನಪೂರ್ತಿ ಪುಸ್ತಕ ಬರೆಯುವುದನ್ನೇ ವೃತ್ತಿ ಮಾಡಿಕೊಂಡವನಿಗೆ ಬೇಕಾಗಿದ್ದ ಸಲಕರಣೆ. ಮನೆ, ಕಚೇರಿ, ಮಕ್ಕಳ ಪರೀಕ್ಷೆಗಳ ನಡುವೆ ಓದುವವರಿಗೆ ವಾರಕ್ಕೆ ಹತ್ತು ಹನ್ನೆರಡು ಕಲಮು ಧಾರಾಳವಾಯಿತು. ಪುಸ್ತಕ ತುಂಬಿದಾಗ ಖಾತೆಗಳನ್ನೆಲ್ಲ ನಕಲು ಮಾಡುವ ಅಗತ್ಯವಿಲ್ಲ. ಉತ್ತರ ಸಿಗದ ಪ್ರಶ್ನೆಗಳನ್ನು ಮಾತ್ರ, ಹಳೆಯ ಪುಟಸಂಖ್ಯೆಯೊಡನೆ, ಹೊಸ ಪುಸ್ತಕದ ಮೊದಲ ಪುಟಕ್ಕೆ ಬಾಕಿಯಾಗಿ ತಂದುಕೊಳ್ಳಿ. ನಡುವೆ ಒಂದೆರಡು ವಾರ ತಪ್ಪಿಹೋದರೆ ನೆನಪಿನಿಂದ ಹಿಂದಿನ ಕಲಮುಗಳನ್ನು ಕಟ್ಟಿ ಬರೆಯಲು ಕೂರಬೇಡಿ. ಒಂದು ಸಾಲು ಖಾಲಿ ಬಿಟ್ಟು, ಇವತ್ತಿನ ತಾರೀಖು ಹಾಕಿ, ಇವತ್ತು ಓದಿದ್ದನ್ನು ಬರೆಯಿರಿ.