ಲಿಂಕ್ ಮಾಡಿದ ಮಾಡೆಲ್‌ಗಳು ಒಂದರ ಮೇಲೊಂದು ಕೂರದಿದ್ದಾಗ

ಕಟ್ಟಡದ 3ಡಿ ಮಾಡೆಲ್ ಮಾಡುವ ರೆವಿಟ್ ಸಾಫ್ಟ್‌ವೇರ್‌ನಲ್ಲಿ ಎಲ್ಲಾ ಸರಿಯಾಗೇ ಕಾಣುತ್ತಿತ್ತು. ಎಲ್ಲಾ ತಂಡಗಳ ಮಾಡೆಲ್‌ಗಳನ್ನು ಒಟ್ಟಿಗೆ ಇಟ್ಟು ನೋಡುವ ನೇವಿಸ್‌ವರ್ಕ್ಸ್‌ಗೆ ತಂದರೆ ಕಂಬ-ಬೀಮ್ ಒಂದು ಕಡೆ, ಎಸಿ ಡಕ್ಟ್‌ಗಳು ಇನ್ನೊಂದು ಕಡೆ, ಅದೂ ಸ್ವಲ್ಪ ತಿರುಗಿಕೊಂಡು. ಯಾವ ಭಾಗ ಯಾವುದಕ್ಕೆ ತಾಗುತ್ತದೆ ಎಂದು ತೋರಿಸುವ ಕ್ಲ್ಯಾಶ್ ಪಟ್ಟಿಯ ತುಂಬಾ ಸುಳ್ಳು ಡಿಕ್ಕಿಗಳೇ.

ತಿರುಗಿದ್ದೇ ಸುಳಿವು. ಬರೀ ಜಾರಿದ್ದರೆ ಯಾರೋ ಲಿಂಕನ್ನು (ಜೋಡಿಸಿದ ಬೇರೆ ತಂಡದ ಮಾಡೆಲ್) ಕೈಯಲ್ಲಿ ಎಳೆದಿದ್ದಾರೆ ಅನ್ನಬಹುದು. ತಿರುಗಿದೆ ಅಂದರೆ ಟ್ರೂ ನಾರ್ತ್ (ನಿಜವಾದ ಉತ್ತರ ದಿಕ್ಕು) ಕೆಲವು ಫೈಲ್‌ಗೆ ಗೊತ್ತು, ಕೆಲವಕ್ಕೆ ಗೊತ್ತಿಲ್ಲ ಅಂತ ಅಲ್ವಾ? ಎಕ್ಸ್‌ಪೋರ್ಟ್ ಸೆಟ್ಟಿಂಗ್ ತೆಗೆದು ನೋಡಿದೆ. ಸ್ಟ್ರಕ್ಚರ್ ತಂಡದ್ದು 'ಶೇರ್ಡ್' (ಎಲ್ಲರೂ ಹಂಚಿಕೊಳ್ಳುವ ನಿರ್ದೇಶಾಂಕ), ಡಕ್ಟ್ ತಂಡದ್ದು 'ಪ್ರಾಜೆಕ್ಟ್ ಇಂಟರ್ನಲ್' (ಆ ಫೈಲ್‌ನ ಸ್ವಂತ ನಿರ್ದೇಶಾಂಕ).

ಸೆಟ್ಟಿಂಗ್ ಒಂದನ್ನೇ ಬದಲಿಸಿದರೆ ಸಾಲದು. ಗ್ರಿಡ್, ಲೆವೆಲ್, ಸರ್ವೆ ಪಾಯಿಂಟ್ (ಭೂಮಾಪನದ ಅಂಕಿಗಳಿಗೆ ಹೊಂದಿಸಿದ ಗುರುತು ಬಿಂದು) ಮಾತ್ರ ಇರುವ ಪುಟ್ಟ ಸೈಟ್ ಫೈಲ್ ಮಾಡಿದೆ. ಎಲ್ಲಾ ತಂಡದವರೂ ಅದನ್ನು ತಮ್ಮ ಮಾಡೆಲ್‌ಗೆ ಲಿಂಕ್ ಮಾಡಿ, ತಮ್ಮ ಗ್ರಿಡ್‌ಗೆ ಹೊಂದಿಸಿ, ಅದರ ನಿರ್ದೇಶಾಂಕಗಳನ್ನು ಪಡೆಯುವ 'ಅಕ್ವೈರ್ ಕೋಆರ್ಡಿನೇಟ್ಸ್' ಒತ್ತಿದರು. ಆಮೇಲೆ ಲಿಂಕ್‌ಗಳನ್ನು 'ಬೈ ಶೇರ್ಡ್ ಕೋಆರ್ಡಿನೇಟ್ಸ್' ಅಂತ ಮತ್ತೆ ತಂದು ಜರುಗದಂತೆ ಪಿನ್ ಹಾಕಿದೆವು. ಎಕ್ಸ್‌ಪೋರ್ಟ್ ಎಲ್ಲರದ್ದೂ 'ಶೇರ್ಡ್'.

ಒಬ್ಬರು ಕಟ್ಟಡವನ್ನೇ ಎಳೆದು ಸರ್ವೆ ಅಂಕಿಗಳ ಜಾಗಕ್ಕೆ ಒಯ್ಯೋಣ ಅಂದರು. ಬೇಡ ಅಂದೆ. ಇಂಟರ್ನಲ್ ಒರಿಜಿನ್‌ನಿಂದ (ಫೈಲ್‌ನೊಳಗಿನ ಸೊನ್ನೆ ಬಿಂದು) ಸುಮಾರು 16 ಕಿ.ಮೀ. ದಾಟಿದರೆ ರೆವಿಟ್‌ನ ಲೆಕ್ಕವೇ ತಪ್ಪತೊಡಗುತ್ತದೆ. ಕಟ್ಟಡ ಒರಿಜಿನ್ ಹತ್ತಿರವೇ ಇರಲಿ, ಅಂಕಿಗಳು ಸರ್ವೆ ಪಾಯಿಂಟ್‌ನಲ್ಲಿರಲಿ.

ಪರೀಕ್ಷೆಗೆ ಪ್ರತಿ ಮಾಡೆಲ್‌ನಲ್ಲೂ ಎ ಮತ್ತು 1 ಗ್ರಿಡ್ ಗೆರೆಗಳು ಸೇರುವ ಕಡೆ, ನೆಲಮಹಡಿ ಲೆವೆಲ್‌ನಲ್ಲಿ, ಒಂದು ಚಿಕ್ಕ ಕ್ಯೂಬ್ ಇಡಿಸಿದೆ. ಕ್ಯೂಬ್‌ಗಳು ಒಂದರೊಳಗೊಂದು ಕೂತರೆ ಮಾತ್ರ ಕ್ಲ್ಯಾಶ್ ಟೆಸ್ಟ್. ಈಗ ಪಟ್ಟಿಯಲ್ಲಿ ಉಳಿದಿರುವುದು ನಿಜವಾದ ತಕರಾರು: ಕಾರಿಡಾರ್‌ನ ಬೀಮ್ ಕೆಳಗೆ ಡಕ್ಟ್‌ಗೆ ಜಾಗವೇ ಸಾಲುತ್ತಿಲ್ಲ.